ಹಚ್ಚೆಗೆ ‘ಹೂಂ’ ಅನ್ನುವ ವಯಸ್ಸು

ಎರಡನೇ ಪಿಯುಸಿ ಓದುವ ಹುಡುಗನೊಬ್ಬ ಟ್ಯಾಟೂ ಅಂಗಡಿಗೆ ಹೋದ ಎಂದಿಟ್ಟುಕೊಳ್ಳಿ. ಮೊಬೈಲಿನಲ್ಲಿ ನೆಚ್ಚಿನ ನಟ ಅಪ್ಪುವಿನ ನಗುಮುಖವಿದೆ, ಜೇಬಿನಲ್ಲಿ ಹಬ್ಬಕ್ಕೆ ಸಿಕ್ಕ ದುಡ್ಡಿದೆ. ಯಾವ ತೋಳಿಗೆ, ಎಷ್ಟು ಅಗಲಕ್ಕೆ ಎಂದೆಲ್ಲ ಯೋಚಿಸಿಯೇ ಬಂದಿದ್ದಾನೆ. ಅಂಗಡಿಯವರು ಚಿತ್ರ ನೋಡುವುದಕ್ಕೂ ಮೊದಲು ಆಧಾರ್ ಕಾರ್ಡು ಕೇಳುತ್ತಾರೆ. ಹುಟ್ಟಿದ ತಾರೀಕು ನೋಡಿ, ‘ಇನ್ನೂ ಏಳು ತಿಂಗಳಿದೆ, ಆಮೇಲೆ ಬಾಪ್ಪಾ’ ಎಂದು ಕಾರ್ಡನ್ನು ಕೈಗಿಡುತ್ತಾರೆ. ‘ಅಮ್ಮನ್ನ ಕರ್ಕೊಂಡು ಬಂದು ಸೈನ್ ಹಾಕಿಸಿದ್ರೆ ಆಗುತ್ತಾ ಅಣ್ಣಾ?’ ಎಂಬುದು ಹುಡುಗನ ಮುಂದಿನ ಪ್ರಶ್ನೆ.

ಇದಕ್ಕೆ ಒಂದೊಂದು ಕಡೆ ಒಂದೊಂದು ಉತ್ತರ ಸಿಗುತ್ತದೆ. ಕೆಲವರು ಸುತರಾಂ ಆಗುವುದಿಲ್ಲ ಎನ್ನುತ್ತಾರೆ. ಇನ್ನು ಕೆಲವರು ಅಪ್ಪನೋ ಅಮ್ಮನೋ ಎದುರಿಗೆ ಕೂತು ಸಹಿ ಹಾಕಿದರೆ ಸಾಕು ಎನ್ನುತ್ತಾರೆ. ಜಾತ್ರೆಯಲ್ಲಿ ಬ್ಯಾಟರಿ ಮಿಷನ್ ಇಟ್ಟುಕೊಂಡು ಕೂತವರಂತೂ ವಯಸ್ಸನ್ನು ಕೇಳುವುದೇ ಇಲ್ಲ, ಎಷ್ಟು ಅಕ್ಷರ ಎಂದಷ್ಟೇ ಕೇಳುತ್ತಾರೆ. ಇವರಲ್ಲಿ ಯಾರು ಸರಿ? ಕಾನೂನು ಏನು ಹೇಳುತ್ತದೆ, ಚರ್ಮ ಏನು ಹೇಳುತ್ತದೆ, ಮುಂದೆ ನೌಕರಿ ಕೊಡುವವರು ಏನು ಹೇಳುತ್ತಾರೆ ಎಂಬುದನ್ನು ಒಂದೊಂದಾಗಿ ನೋಡೋಣ.

ಅಜ್ಜಿಯನ್ನು ಯಾರೂ ಕೇಳಿರಲಿಲ್ಲ

ಅದೇ ಹುಡುಗನ ಅಜ್ಜಿಯ ಮುಂಗೈಯಲ್ಲಿ ಮಾಸಲು ಹಸಿರು ಚುಕ್ಕಿಗಳಿರಬಹುದು, ಒಂದು ಚೇಳೋ ತುಳಸಿಕಟ್ಟೆಯೋ ತೊಟ್ಟಿಲೋ ಇರಬಹುದು. ಅವಳ ಕಾಲದಲ್ಲೂ ಹಚ್ಚೆಗೆ ವಯಸ್ಸಿನ ಲೆಕ್ಕವಿತ್ತು, ಆದರೆ ಅದು ಈಗಿನದಕ್ಕೆ ತಿರುಗುಮುರುಗು. ಹೆಣ್ಣುಮಕ್ಕಳಿಗೆ ಮದುವೆಗೆ ಮುಂಚೆಯೇ ಹಚ್ಚೆ ಬಿದ್ದಿರಬೇಕು ಎಂಬುದು ಎಷ್ಟೋ ಹಳ್ಳಿಗಳ ರೂಢಿಯಾಗಿತ್ತು. ಕಣಿ ಹೇಳುತ್ತ ಬುಟ್ಟಿ ಹೊತ್ತು ಬರುತ್ತಿದ್ದ ಕೊರವಂಜಿ ದೀಪದ ಕಾಡಿಗೆಗೆ ಸೊಪ್ಪಿನ ರಸವನ್ನೋ ಎದೆಹಾಲನ್ನೋ ಬೆರೆಸಿ, ಸೂಜಿಗಳನ್ನು ಕಟ್ಟಿಕೊಂಡು ಹಚ್ಚೆ ಹುಯ್ಯುತ್ತಿದ್ದಳು. ಅಳುವ ಹುಡುಗಿಯನ್ನು ಮನೆಯವರು ಹಿಡಿದುಕೊಳ್ಳುತ್ತಿದ್ದರು. ಸತ್ತ ಮೇಲೆ ಒಡವೆ-ವಸ್ತ್ರವೆಲ್ಲ ಇಲ್ಲೇ ಉಳಿದರೂ ಹಚ್ಚೆ ಮಾತ್ರ ಜೊತೆಗೆ ಬರುತ್ತದೆ ಎಂಬ ನಂಬಿಕೆ ಆ ನೋವಿಗೆ ಸಮಾಧಾನ.

ಅಲ್ಲಿ ‘ಹೂಂ’ ಅಂದವರು ದೊಡ್ಡವರು, ಚುಚ್ಚಿಸಿಕೊಂಡವಳು ಮಗು. ಈಗಿನ 18 ವರ್ಷದ ಲೆಕ್ಕ ಅರ್ಥವಾಗಬೇಕಾದರೆ ಇದೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ಕಾನೂನು ಸೂಜಿಯ ಬಗ್ಗೆ ಅಷ್ಟಾಗಿ ತಲೆ ಕೆಡಿಸಿಕೊಂಡಿಲ್ಲ. ಯಾರ ‘ಹೂಂ’ ನಡೆಯುತ್ತದೆ ಎಂಬುದೇ ಅದರ ಚಿಂತೆ.

ಎಲ್ಲೂ ಬರೆದಿಲ್ಲ, ಆದರೂ 18

ಭಾರತದಲ್ಲಿ ಹಚ್ಚೆಗೆಂದೇ ಮಾಡಿದ, ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಇಲ್ಲ. ‘18 ತುಂಬದವರಿಗೆ ಟ್ಯಾಟೂ ಹಾಕಬಾರದು’ ಎಂಬ ಸಾಲನ್ನು ಹುಡುಕಿಕೊಂಡು ಹೊರಟರೆ ಬರಿಗೈಯಲ್ಲಿ ವಾಪಸು ಬರಬೇಕಾಗುತ್ತದೆ. ಆದರೂ ಅಂಗಡಿಯ ಗೋಡೆಯ ಮೇಲಿನ ‘18+’ ಫಲಕ ಮಾಲೀಕರ ಮರ್ಜಿಯಿಂದ ಬಂದದ್ದಲ್ಲ. ಮೂರು ಕಾಯ್ದೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಆ ಅಂಕಿ ತಾನಾಗಿ ಎದ್ದು ಬರುತ್ತದೆ.

ಮೊದಲನೆಯದು 1875ರ ಭಾರತೀಯ ವಯಸ್ಕತ್ವ ಕಾಯ್ದೆ. 18 ತುಂಬಿದವರು ವಯಸ್ಕರು ಎಂದು ಹೇಳುವುದು ಇದೇ. ನ್ಯಾಯಾಲಯ ಪೋಷಕರನ್ನು ನೇಮಿಸಿದ ಮಕ್ಕಳಿಗೆ ಹಿಂದೆ 21 ತುಂಬಬೇಕಿತ್ತು, 1999ರ ತಿದ್ದುಪಡಿಯ ನಂತರ ಎಲ್ಲರಿಗೂ 18. ಹುಟ್ಟಿದ ದಿನವನ್ನು ಪೂರ್ತಿ ಒಂದು ದಿನವೆಂದು ಲೆಕ್ಕ ಹಿಡಿಯಬೇಕು ಎಂದೂ ಈ ಕಾಯ್ದೆ ಹೇಳಿದೆ. ಹಾಗಾಗಿ ರಾತ್ರಿ ಹನ್ನೊಂದಕ್ಕೆ ಹುಟ್ಟಿದವರು ಹದಿನೆಂಟನೇ ಹುಟ್ಟುಹಬ್ಬದ ರಾತ್ರಿ ಹನ್ನೊಂದರವರೆಗೆ ಕಾಯಬೇಕಿಲ್ಲ, ಆ ದಿನ ಶುರುವಾದಾಗಲೇ ವಯಸ್ಕರು.

ಎರಡನೆಯದು 1872ರ ಕರಾರು ಕಾಯ್ದೆ. ಇದರ 11ನೇ ಸೆಕ್ಷನ್ ಪ್ರಕಾರ ಕರಾರು ಮಾಡಿಕೊಳ್ಳುವ ಯೋಗ್ಯತೆ ವಯಸ್ಕರಿಗೆ ಮಾತ್ರ. ಟ್ಯಾಟೂ ಅಂಗಡಿಯಲ್ಲಿ ತುಂಬಿಸಿಕೊಳ್ಳುವ ಒಪ್ಪಿಗೆ ಪತ್ರವೂ ಒಂದು ಕರಾರೇ. ‘ನನಗೆ ಅಲರ್ಜಿ ಇಲ್ಲ, ಇದು ಶಾಶ್ವತ ಎಂದು ಗೊತ್ತು, ಸೋಂಕಾದರೆ ಇಂಥ ಜವಾಬ್ದಾರಿ ನನ್ನದು’ ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಅದಕ್ಕೆ 17ರ ಹುಡುಗ ಸಹಿ ಹಾಕಿದರೆ ಆ ಹಾಳೆಗೆ ರದ್ದಿಯ ಬೆಲೆ. ಕೋಲ್ಕತ್ತದಲ್ಲಿ ಮನೆ ಅಡವಿಟ್ಟು ಸಾಲ ಪಡೆದ ಬಾಲಕನ ಪ್ರಕರಣದಲ್ಲಿ, 1903ರಷ್ಟು ಹಿಂದೆಯೇ ಪ್ರಿವಿ ಕೌನ್ಸಿಲ್ ಇದನ್ನು ತೀರ್ಮಾನಿಸಿತು. ಮೊಹೊರಿ ಬೀಬಿ ಪ್ರಕರಣ ಎಂದೇ ಹೆಸರಾದ ಅದನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಮೊದಲ ಪಾಠವಾಗಿ ಓದುತ್ತಾರೆ. ಅಪ್ರಾಪ್ತರು ಮಾಡಿಕೊಂಡ ಕರಾರು ಹುಟ್ಟುವಾಗಲೇ ಸತ್ತಿರುತ್ತದೆ, ಆಮೇಲೆ ಅದಕ್ಕೆ ಜೀವ ತುಂಬಲಾಗದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆ. ಇನ್ನೊಬ್ಬರ ಮೈಗೆ ನೋವು ಮಾಡುವುದು ಇದರಲ್ಲಿ ಅಪರಾಧ. ಬೇಕೆಂದೇ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸೂಜಿ ಚುಚ್ಚುವುದು ನೋವಲ್ಲದೆ ಮತ್ತೇನು? ಹಾಗಿದ್ದರೆ ಟ್ಯಾಟೂ ಹಾಕುವವರೆಲ್ಲ ದಿನಾ ಅಪರಾಧ ಮಾಡುತ್ತಿದ್ದಾರೆಯೇ? ಇಲ್ಲ. 25ನೇ ಸೆಕ್ಷನ್ ಅವರನ್ನು ಕಾಯುತ್ತದೆ. ಸಾವನ್ನೋ ಘೋರ ಗಾಯವನ್ನೋ ಉಂಟುಮಾಡುವ ಉದ್ದೇಶವಿಲ್ಲದ ಕೆಲಸಕ್ಕೆ ಎದುರಿನವರು ಒಪ್ಪಿಕೊಂಡಿದ್ದರೆ ಅದು ಅಪರಾಧವಾಗದು. ಕುಸ್ತಿಯಲ್ಲಿ ಬಿದ್ದ ಪೆಟ್ಟಿಗೆ ಕೇಸು ಆಗದಿರುವುದು ಈ ತತ್ವದಿಂದಲೇ. ಆದರೆ ಆ ಸೆಕ್ಷನ್‌ನಲ್ಲಿ ಒಂದು ಷರತ್ತಿದೆ: ಒಪ್ಪಿದವರಿಗೆ 18 ದಾಟಿರಬೇಕು. ದಾಟಿರದಿದ್ದರೆ ಟ್ಯಾಟೂ ಹಾಕಿದವರ ಕೈಯಲ್ಲಿದ್ದ ಗುರಾಣಿ ಮಾಯ.

ಅಮ್ಮನ ಸಹಿ ಎಲ್ಲಿಯವರೆಗೆ ನಡೆಯುತ್ತದೆ?

ಹುಡುಗನ ಪ್ರಶ್ನೆಗೆ ಈಗ ಬರೋಣ. ಮಕ್ಕಳ ಪರವಾಗಿ ತಂದೆ-ತಾಯಿ ಒಪ್ಪಿಗೆ ಕೊಡುವ ಅವಕಾಶ ನ್ಯಾಯ ಸಂಹಿತೆಯ 27ನೇ ಸೆಕ್ಷನ್‌ನಲ್ಲಿ ಇದೆ. ಆದರೆ ಅದು 12 ವರ್ಷದೊಳಗಿನ ಮಕ್ಕಳಿಗೆ, ಅದೂ ಮಗುವಿನ ಹಿತಕ್ಕಾಗಿ ಸದುದ್ದೇಶದಿಂದ ಮಾಡುವ ಕೆಲಸಕ್ಕೆ. ಆಪರೇಷನ್ ಮಾಡಿಸುವುದು ಹಿತಕ್ಕೆ. ತೋಳಿಗೆ ಚಿತ್ರ ಬರೆಸುವುದು ಹಿತವೇ ಎಂದು ನ್ಯಾಯಾಧೀಶರು ಕೇಳಿದರೆ ಉತ್ತರಿಸುವುದು ಕಷ್ಟ.

12 ದಾಟಿ 18 ತುಂಬದ ವಯಸ್ಸಿನವರು ಈ ಎರಡು ಸೆಕ್ಷನ್‌ಗಳ ನಡುವಿನ ಸಂದಿಯಲ್ಲಿ ಬೀಳುತ್ತಾರೆ. ಅವರ ಸ್ವಂತ ಒಪ್ಪಿಗೆ 25ನೇ ಸೆಕ್ಷನ್‌ಗೆ ಸಾಲದು, ಅಪ್ಪ-ಅಮ್ಮನ ಒಪ್ಪಿಗೆ 27ನೇ ಸೆಕ್ಷನ್‌ಗೆ ಒಗ್ಗದು. ಟ್ಯಾಟೂ ಬೇಕು ಎಂದು ಹಟ ಹಿಡಿಯುವ ವಯಸ್ಸೂ ಇದೇ! ಹಾಗಾದರೆ ಕೂಸಿನ ಕಿವಿ ಚುಚ್ಚಿಸುವುದು? ಅದು ತಲೆಮಾರುಗಳಿಂದ ನಡೆದುಬಂದ ಸಂಪ್ರದಾಯ. ಯಾರೂ ದೂರದಷ್ಟು ಅಲ್ಪ ನೋವನ್ನು ಅಪರಾಧವೆಂದು ಎಣಿಸಬಾರದು ಎಂಬ ತತ್ವವೂ ಸಂಹಿತೆಯಲ್ಲಿದೆ. ತೋಳುದ್ದದ ಟ್ಯಾಟೂವನ್ನು ಆ ಲೆಕ್ಕಕ್ಕೆ ಸೇರಿಸಲಾಗದು.

ಪೋಷಕರ ಸಹಿ ಪಡೆದು 16-17ರವರಿಗೆ ಹಾಕಿಕೊಡುವ ಅಂಗಡಿಗಳು ನಡೆಸುತ್ತಿರುವುದು ರೂಢಿಯನ್ನೇ ಹೊರತು ಕಾನೂನು ಕೊಟ್ಟ ಹಕ್ಕನ್ನಲ್ಲ. ಸಹಿ ಹಾಕಿದ ಅಮ್ಮ ದೂರು ಕೊಡಲಿಕ್ಕಿಲ್ಲ, ಅಷ್ಟರಮಟ್ಟಿಗೆ ಅದು ಧೈರ್ಯ. ಕೈ ಕೀವಾಗಿ ಆಸ್ಪತ್ರೆ ಸೇರಿದ ಮೇಲೆ, ಇಲ್ಲವೇ ಊರಿಂದ ಬಂದ ಅಪ್ಪ ಕೂಗಾಡಿದ ಮೇಲೆ ಆ ಧೈರ್ಯ ಎಷ್ಟು ದಿನ? ‘ಆಗಲ್ಲ’ ಎಂದ ಅಂಗಡಿಯವರ ಲೆಕ್ಕಾಚಾರ ಇಷ್ಟೇ.

ಹೊಳೆ ದಾಟಿದರೆ ಬೇರೆ ಕಾನೂನು

ಹೊರದೇಶದಲ್ಲಿ ನೆಲೆಸಿದ ಕನ್ನಡದ ಕುಟುಂಬಗಳು ಇಲ್ಲಿನ ರೂಢಿಯನ್ನು ಅಲ್ಲಿಗೆ ಒಯ್ದರೆ ಪೇಚಿಗೆ ಸಿಕ್ಕಬಹುದು. ಬ್ರಿಟನ್‌ನಲ್ಲಿ 1969ರಿಂದಲೇ ಅಪ್ರಾಪ್ತರ ಹಚ್ಚೆ ಕಾಯ್ದೆ ಇದೆ. 18ರ ಒಳಗಿನವರಿಗೆ ಹಚ್ಚೆ ಹಾಕಿದರೆ ಅಪರಾಧ, ಅಪ್ಪ-ಅಮ್ಮ ಒಪ್ಪಿದರೂ ಅಷ್ಟೇ. ಇರುವ ವಿನಾಯಿತಿ ಒಂದೇ, ವೈದ್ಯಕೀಯ ಕಾರಣ. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವಾಗ ಕಿರಣ ದಿನವೂ ಅದೇ ಜಾಗಕ್ಕೆ ಬೀಳಲೆಂದು ಚರ್ಮದ ಮೇಲೆ ಸಾಸಿವೆಯಷ್ಟು ಚುಕ್ಕಿಯನ್ನು ಹಚ್ಚೆಯಾಗಿ ಹಾಕುವುದುಂಟು, ಅಂಥದಕ್ಕೆ ಅಡ್ಡಿಯಿಲ್ಲ. ಗಿರಾಕಿಗೆ 18 ಆಗಿದೆ ಎಂದು ನಂಬಲು ತಕ್ಕ ಕಾರಣವಿತ್ತು ಎಂದು ತೋರಿಸಿದರೆ ಹಚ್ಚೆ ಹಾಕಿದವರು ಪಾರಾಗಬಹುದು. ಗುರುತಿನ ಚೀಟಿ ಕೇಳದೆ ಅಲ್ಲಿ ಯಾರೂ ಸೂಜಿ ಮುಟ್ಟದಿರುವುದು ಇದಕ್ಕೇ.

ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ನ್ಯೂಯಾರ್ಕ್‌ನಲ್ಲಿ 18ರ ಒಳಗಿನವರಿಗೆ ಪೋಷಕರ ಅನುಮತಿ ಇದ್ದರೂ ಇಲ್ಲ. ಹಡ್ಸನ್ ನದಿಯ ಆಚೆ ದಡದ ನ್ಯೂಜೆರ್ಸಿಯಲ್ಲಿ ಪೋಷಕರ ಲಿಖಿತ ಅನುಮತಿ ಇದ್ದರೆ ಆದೀತು. ಟೆಕ್ಸಸ್‌ನದು ಇನ್ನೂ ವಿಚಿತ್ರ. ಅಲ್ಲಿ ಅಪ್ರಾಪ್ತರಿಗೆ ಹೊಸ ಹಚ್ಚೆ ಹಾಕುವಂತಿಲ್ಲ. ಆದರೆ ಮೈಮೇಲೆ ಆಗಲೇ ಅಶ್ಲೀಲ ಚಿತ್ರವೋ ಪುಂಡರ ಗ್ಯಾಂಗಿನ ಗುರುತೋ ಇದ್ದರೆ, ಅದನ್ನು ಮುಚ್ಚಲು ಪೋಷಕರ ಒಪ್ಪಿಗೆಯಿಂದ ಮೇಲೊಂದು ಹಚ್ಚೆ ಹಾಕಿಸಬಹುದು. ಫ್ರಾನ್ಸ್ ಪೋಷಕರ ಲಿಖಿತ ಒಪ್ಪಿಗೆಯನ್ನು ಮಾನ್ಯ ಮಾಡುತ್ತದೆ. ಡೆನ್ಮಾರ್ಕ್ 1966ರಲ್ಲೇ 18ರ ಮಿತಿ ಹಾಕಿತು, ಜೊತೆಗೆ ಮುಖ, ತಲೆ, ಕುತ್ತಿಗೆ, ಹಸ್ತಗಳಿಗೆ ಯಾವ ವಯಸ್ಸಿನಲ್ಲೂ ಹಾಕಬಾರದೆಂದು ಆ ಕಾಯ್ದೆಯಲ್ಲೇ ಬರೆಯಿತು.

ಚರ್ಮದ ಲೆಕ್ಕ

ವಯಸ್ಸಿನ ಮಾತಿಗೆ ಮೈಯ ಕಡೆಯಿಂದಲೂ ಕಾರಣಗಳಿವೆ. ನಮ್ಮ ಚರ್ಮದ ಮೇಲ್ಪದರ ಕೆಲವು ವಾರಗಳಿಗೊಮ್ಮೆ ಉದುರಿ ಹೊಸದಾಗುತ್ತಿರುತ್ತದೆ. ಬಣ್ಣ ಅಲ್ಲೇ ನಿಂತರೆ ಮೆಹಂದಿಯಂತೆ ಅಳಿಸಿಹೋಗುತ್ತದೆ. ಅದಕ್ಕಾಗಿ ಯಂತ್ರದ ಸೂಜಿ ಒಂದೆರಡು ಮಿಲಿಮೀಟರ್ ಆಳಕ್ಕೆ, ಒಳಪದರಕ್ಕೆ ಇಳಿಯುತ್ತದೆ. ಬಂದ ಶಾಯಿಯನ್ನು ದೇಹ ಶತ್ರುವೆಂದೇ ತಿಳಿದು, ಮ್ಯಾಕ್ರೊಫೇಜ್ ಎಂಬ ಕಾವಲು ಕೋಶಗಳನ್ನು ಕಳಿಸುತ್ತದೆ. ಅವು ಬಣ್ಣದ ಕಣಗಳನ್ನು ನುಂಗುತ್ತವೆ, ಅರಗಿಸಿಕೊಳ್ಳಲಾರವು. ನುಂಗಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲೇ ಕೂತುಬಿಡುತ್ತವೆ. ಈ ಕೋಶ ಸತ್ತಾಗ ಹೊರಬಿದ್ದ ಬಣ್ಣವನ್ನು ಪಕ್ಕದ ಹೊಸ ಕೋಶ ನುಂಗುತ್ತದೆ ಎಂದು ಫ್ರಾನ್ಸ್‌ನ ಮಾರ್ಸೇಯ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡುಕೊಂಡರು. ಹಚ್ಚೆ ಶಾಶ್ವತ ಎನ್ನುವುದರ ಗುಟ್ಟು ಈ ಕೈ ಬದಲಾವಣೆ.

ಬೆಳೆಯುವ ಮೈಗೆ ಇದು ಹೇಗೆ ತಗಲುತ್ತದೆ? ಹದಿನಾಲ್ಕರ ತೋಳು ಇಪ್ಪತ್ತರ ತೋಳಲ್ಲ. ಎತ್ತರ ಏರುತ್ತದೆ, ಭುಜ ಅಗಲವಾಗುತ್ತದೆ. ಗೆರೆ ಹಿಗ್ಗಿ, ನೇರವಾಗಿದ್ದ ಅಕ್ಷರ ವಾಲುತ್ತದೆ. ಪ್ರೀತಿಯ ನಟನ ಮುಖ ಯಾರದೋ ಮುಖವಾಗುತ್ತದೆ. ಕೆಲವರ ಚರ್ಮ ಗಾಯವಾದಲ್ಲೆಲ್ಲ ಉಬ್ಬಿ ಗಂಟಾಗುವ ಸ್ವಭಾವದ್ದು, ಕೆಲಾಯ್ಡ್ ಎನ್ನುತ್ತಾರೆ. ತನ್ನದು ಅಂಥ ಚರ್ಮವೆಂದು ಹದಿಹರೆಯದಲ್ಲಿ ಎಷ್ಟೋ ಜನರಿಗೆ ಇನ್ನೂ ತಿಳಿದಿರುವುದಿಲ್ಲ.

ಸೋಂಕಿನ ಮಾತು ಬೇರೆ. ಒಬ್ಬರ ರಕ್ತ ತಾಗಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ದಾಟಬಹುದು. ಹೆಪಟೈಟಿಸ್ ಬಿ ಭಯದಿಂದಲೇ ನ್ಯೂಯಾರ್ಕ್ ನಗರ 1961ರಿಂದ 1997ರವರೆಗೆ ವಯಸ್ಸಿನ ಭೇದವಿಲ್ಲದೆ ಹಚ್ಚೆಯನ್ನೇ ನಿಷೇಧಿಸಿತ್ತು. ಒಂದೇ ಸೂಜಿ, ಒಂದೇ ಶಾಯಿ ಬಟ್ಟಲು ಇಟ್ಟುಕೊಂಡು ಸಾಲಾಗಿ ಹತ್ತು ಜನರಿಗೆ ಹಾಕುವ ಕಡೆ ಆ ಭಯ ಇವತ್ತಿಗೂ ನಿಜ. ಶಾಯಿಯ ಮೇಲೂ ಕಣ್ಣು ಬಿದ್ದಿದೆ. ಐರೋಪ್ಯ ಒಕ್ಕೂಟ 2022ರ ಜನವರಿಯಿಂದ ಹಚ್ಚೆ ಶಾಯಿಯಲ್ಲಿ ಬಳಸುವ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹೇರಿತು. ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ 2025ರಲ್ಲಿ ಶಾಯಿಯಲ್ಲಿನ ಲೋಹಗಳ ಬಗ್ಗೆ ಆತಂಕ ಹೇಳಿಕೊಂಡು, ನಿಯಮ ಬೇಕೆಂಬ ಮಾತೆತ್ತಿತು.

ಸೆಲ್ಯೂಟ್ ಹೊಡೆಯುವ ಕೈ

ಹದಿನಾರರಲ್ಲಿ ಹಾಕಿಸಿದ ಹಚ್ಚೆ ಹತ್ತೊಂಬತ್ತರಲ್ಲಿ ಕೆಲಸ ಕಳೆಯಬಹುದು. ಕೊಡಗು, ಬೆಳಗಾವಿ, ಧಾರವಾಡದ ಕಡೆ ಬೆಳಗಿನ ಜಾವ ರಸ್ತೆಯಲ್ಲಿ ಓಡುವ ಹುಡುಗರು ಇದನ್ನು ಗಮನವಿಟ್ಟು ಓದಬೇಕು. ಭೂಸೇನೆಯ ಭರ್ತಿಯಲ್ಲಿ ಶಾಶ್ವತ ಹಚ್ಚೆಗೆ ಅವಕಾಶವಿರುವುದು ಎರಡೇ ಕಡೆ: ಮೊಣಕೈಯ ಒಳಗಿನಿಂದ ಮಣಿಕಟ್ಟಿನವರೆಗಿನ ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಬದಿ. ಬುಡಕಟ್ಟು ಸಮುದಾಯದವರಿಗೆ ಅವರ ಆಚಾರಕ್ಕೆ ತಕ್ಕಂತೆ ವಿನಾಯಿತಿ ಇದೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಕೇಂದ್ರ ಪಡೆಗಳಲ್ಲಿ ಇನ್ನೂ ಬಿಗಿ. ಧಾರ್ಮಿಕ ಚಿಹ್ನೆ ಅಥವಾ ಹೆಸರು ಇರಬಹುದು, ಎಡಗೈಯ ಮುಂಗೈ ಒಳಭಾಗದಲ್ಲಿ ಅಥವಾ ಹಸ್ತದ ಹಿಂಬದಿಯಲ್ಲಿ ಇರಬಹುದು, ಆ ಭಾಗದ ಕಾಲುಪಾಲಿಗಿಂತ ಚಿಕ್ಕದಿರಬೇಕು. ಎಡಗೈ ಏಕೆಂದರೆ ಸೆಲ್ಯೂಟ್ ಹೊಡೆಯುವುದು ಬಲಗೈ.

ಅಗ್ನಿವೀರರ ಭರ್ತಿಗೆ ವಯಸ್ಸು ಶುರುವಾಗುವುದು ಹದಿನೇಳೂವರೆಗೆ. ಹಚ್ಚೆಗೆ ತಾನೇ ‘ಹೂಂ’ ಅನ್ನಲಾಗದ ವಯಸ್ಸಿನಲ್ಲಿ ಸೇನೆಗೆ ಅರ್ಜಿ ಹಾಕಬಹುದು. ಆ ಹೊತ್ತಿಗೆ ಕುತ್ತಿಗೆಯ ಮೇಲೊಂದು ಹಚ್ಚೆ ಬಿದ್ದಿದ್ದರೆ ಎಷ್ಟು ಓಡಿದರೂ ಮೆಡಿಕಲ್‌ನಲ್ಲಿ ಹೊರಗೆ.

ಮೊದಲು ರಕ್ತ, ಆಮೇಲೆ ಹಚ್ಚೆ

18 ತುಂಬಿದ ದಿನ ತೆರೆದುಕೊಳ್ಳುವ ಇನ್ನೊಂದು ಬಾಗಿಲು ರಕ್ತದಾನ. ನಮ್ಮಲ್ಲಿ ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತ ಕೊಡುವಂತಿಲ್ಲ. ಎರಡನ್ನೂ ಮಾಡುವ ಆಸೆಯಿದ್ದರೆ ಮೊದಲು ರಕ್ತ ಕೊಟ್ಟು, ಕೆಲವು ದಿನ ಬಿಟ್ಟು ಅಂಗಡಿಗೆ ಹೋದರೆ ಒಂದೂ ತಪ್ಪುವುದಿಲ್ಲ.

ಅಂಗಡಿಗೆ ಹೋದಾಗ ನೋಡಬೇಕಾದ್ದಿಷ್ಟು:

- ಹುಟ್ಟಿದ ತಾರೀಕಿರುವ ಗುರುತಿನ ಚೀಟಿ ಕೇಳಿದರೇ? ವಯಸ್ಸು ಕೇಳದ ಕಡೆ ಸೂಜಿ ಬದಲಿಸುತ್ತಾರೆಂಬ ಭರವಸೆಯೂ ಇಲ್ಲ.
- ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಕೆಲಸ ಮುಗಿದ ಮೇಲೆ ಅದು ಚೂಪಾದ ವಸ್ತುಗಳನ್ನು ಹಾಕುವ ಡಬ್ಬಿಗೆ ಬೀಳಬೇಕು.
- ಶಾಯಿಯನ್ನು ದೊಡ್ಡ ಬಾಟಲಿಯಿಂದ ಪುಟ್ಟ ಬಟ್ಟಲಿಗೆ ಸುರಿದುಕೊಂಡು ಬಳಸಬೇಕು. ಉಳಿದದ್ದು ಚೆಲ್ಲಬೇಕು, ಮತ್ತೆ ಬಾಟಲಿಗೆ ಹೋಗಬಾರದು.
- ಹೊಸ ಗ್ಲೌಸ್ ಹಾಕಿಕೊಳ್ಳಬೇಕು. ನಡುವೆ ಫೋನು ಮುಟ್ಟಿದರೆ ಬದಲಿಸಬೇಕು.
- ಸಕ್ಕರೆ ಕಾಯಿಲೆ, ಅಲರ್ಜಿ, ರಕ್ತ ತೆಳುವಾಗಿಸುವ ಮಾತ್ರೆ ಇವನ್ನು ಕೇಳಿ ಬರೆದುಕೊಳ್ಳಬೇಕು.
- ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದು ಮನೆಯಲ್ಲಿ ಮೊದಲೇ ಕೇಳಿಕೊಳ್ಳಿ. ಈ ಲಸಿಕೆ ದೇಶದ ಎಲ್ಲ ಮಕ್ಕಳಿಗೂ ಸಿಗತೊಡಗಿದ್ದು 2011ರ ಸುಮಾರಿಗೆ, ಅದಕ್ಕೂ ಮೊದಲು ಹುಟ್ಟಿದ ಎಷ್ಟೋ ಜನರಿಗೆ ಆಗಿರಲಿಕ್ಕಿಲ್ಲ.

ಈಗಾಗಲೇ ಹಾಕಿಸಿಕೊಂಡು ಬಂದಿದ್ದರೆ?

ಮಗಳು ತುಂಬುತೋಳಿನ ಅಂಗಿ ಹಾಕಿಕೊಂಡೇ ಏಕೆ ಓಡಾಡುತ್ತಿದ್ದಾಳೆ ಎಂಬ ಗುಟ್ಟು ಒಂದು ದಿನ ಬಯಲಾಗುತ್ತದೆ. ಮೊದಲ ಕೆಲಸ ಬೈಯುವುದಲ್ಲ, ಗಾಯ ನೋಡುವುದು. ಕೆಂಪು ದಿನದಿಂದ ದಿನಕ್ಕೆ ಹರಡುತ್ತಿದ್ದರೆ, ಕೀವು, ಜ್ವರ ಇದ್ದರೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. ಸುಣ್ಣ, ಟೂತ್‌ಪೇಸ್ಟು, ಉಪ್ಪು ತಿಕ್ಕಿ ಅಳಿಸಲು ಹೋದರೆ ಹಚ್ಚೆಯ ಜೊತೆ ಕಲೆಯೂ ಉಳಿಯುತ್ತದೆ. ಸೂಜಿ ಹೊಸದಿತ್ತೇ ಎಂಬ ಅನುಮಾನವಿದ್ದರೆ ವೈದ್ಯರಿಗೆ ಬಿಚ್ಚಿ ಹೇಳಿ, ಅವರು ಹೇಳಿದ ಸಮಯಕ್ಕೆ ರಕ್ತ ಪರೀಕ್ಷೆ ಮಾಡಿಸಬೇಕು. ಲೇಸರ್‌ನಿಂದ ತೆಗೆಸಬಹುದು. ಬಣ್ಣದ ಕಣವನ್ನು ಬೆಳಕಿನ ಪೆಟ್ಟಿನಿಂದ ಪುಡಿ ಮಾಡಿ, ದೇಹ ಸಾಗಿಸುವಷ್ಟು ಚಿಕ್ಕದಾಗಿಸುವುದು ಅದರ ಉಪಾಯ. ವಾರಗಟ್ಟಲೆ ಅಂತರ ಬಿಟ್ಟು ಹಲವು ಬಾರಿ ಮಾಡಿಸಬೇಕು, ಹಾಕಿಸಿದ್ದಕ್ಕಿಂತ ತೆಗೆಸುವುದಕ್ಕೆ ದುಡ್ಡು ಹೆಚ್ಚು, ಪೂರ್ತಿ ಹೋದೀತೆಂಬ ಖಾತರಿಯಿಲ್ಲ.

ಕಾಯುವ ತಾಳ್ಮೆ ಇಲ್ಲದ ಹದಿಹರೆಯದವರಿಗೆ ನಡುದಾರಿಯೂ ಇದೆ. ಅಸಲಿ ಮೆಹಂದಿ ಒಂದೆರಡು ವಾರ ನಿಲ್ಲುತ್ತದೆ, ನೀರು ಹಚ್ಚಿ ಅಂಟಿಸುವ ಸ್ಟಿಕ್ಕರ್ ಕೆಲವು ದಿನ. ಆದರೆ ಜಾತ್ರೆ, ಮಾಲ್, ಬೀಚಿನಲ್ಲಿ ಹಚ್ಚುವ ಕಡುಕಪ್ಪು ಮೆಹಂದಿಯಿಂದ ದೂರವಿರಿ. ಮೆಹಂದಿ ಸೊಪ್ಪು ತಾನಾಗಿ ಕೆಂಪು-ಕಂದು ಬಣ್ಣ ಕೊಡುತ್ತದೆ, ಅಷ್ಟು ಕಪ್ಪಾಗುವುದಿಲ್ಲ. ಕಪ್ಪಾಗಿಸಲು ಸೇರಿಸುವುದು ಪಿಪಿಡಿ ಎಂಬ ತಲೆಗೂದಲ ಬಣ್ಣದ ರಾಸಾಯನಿಕ. ಅದರಿಂದ ಚರ್ಮದ ಮೇಲೆ ಬೊಬ್ಬೆ ಬಂದು, ಮುಂದೆ ಜೀವನಪೂರ್ತಿ ಹೇರ್ ಡೈ ಹಚ್ಚಲಾಗದ ಅಲರ್ಜಿ ಅಂಟಿಕೊಳ್ಳಬಹುದು.

ಆ ಪಿಯುಸಿ ಹುಡುಗನಿಗೆ ಉಳಿದಿರುವುದು ಏಳು ತಿಂಗಳು. ಆ ಚಿತ್ರವನ್ನು ಪ್ರಿಂಟ್ ತೆಗೆಸಿ, ದಿನಾ ಬೆಳಿಗ್ಗೆ ಹಲ್ಲುಜ್ಜುವ ಕನ್ನಡಿಯ ಪಕ್ಕ ಅಂಟಿಸಿಕೊಳ್ಳಲಿ. ಏಳು ತಿಂಗಳಾದ ಮೇಲೂ ಅದು ಬೇಸರ ತರಿಸದಿದ್ದರೆ ತೋಳಿಗೆ ಬರಲು ಅಡ್ಡಿಯಿಲ್ಲ. ಬೇಸರ ತರಿಸಿದರೆ ಹಾಳೆ ಹರಿದರೆ ಆಯಿತು. ನಡುವೆ ಒಂದು ದಿನ ಅಜ್ಜಿಯ ಪಕ್ಕ ಕೂತು, ಆ ಮುಂಗೈಯ ಚೇಳನ್ನು ಯಾರು ಆರಿಸಿದ್ದು ಎಂದು ಕೇಳಲಿ. ಅವಳಿಗೆ ಈ ಏಳು ತಿಂಗಳನ್ನು ಯಾರೂ ಕೊಟ್ಟಿರಲಿಲ್ಲ.